ಹೊತ್ತು ತಪ್ಪಿದ ಅವಸರ: ಕ್ಯಾಂಟರ್‌ಬರಿಯ ಒಂದು ಹುಲ್ಲುಗಾವಲಿನ ಪ್ರಕರಣ

ಸೆಪ್ಟೆಂಬರ್ 18ರ ಬೆಳಗಿನ ಜಾವ. ಹಾಲು ಕರೆಯುವ ಹೊತ್ತಿಗೆ ಹಸುಗಳನ್ನು ಹೊಡೆದುಕೊಂಡು ಬರಲು ಹೊರಟೆ. ಸಾಮಾನ್ಯವಾಗಿ ಆ ಹೊತ್ತಲ್ಲಿ ಅವು ಮಲಗಿ ಮೆಲುಕು ಹಾಕುತ್ತಿರುತ್ತವೆ. ಬೈಕಿನ ಬೆಳಕು ಮುಖಕ್ಕೆ ಬಿದ್ದರೂ ಏಳುವುದಿಲ್ಲ, ಹತ್ತಿರ ಹೋಗಿ ಎಬ್ಬಿಸಬೇಕು. ಅವತ್ತು ಒಂದೂ ಮಲಗಿರಲಿಲ್ಲ. ಎಲ್ಲವೂ ಗೇಟಿಗೆ ಒತ್ತಿಕೊಂಡು ನಿಂತಿದ್ದವು. ಬೈಕಿನ ಸದ್ದು ಕೇಳಿದ್ದೇ ತಡ, ಕೂಗಲು ಶುರು ಮಾಡಿದವು. 450 ಹಸು ಒಟ್ಟಿಗೆ ಕೂಗಿದರೆ ಎದೆಗೆ ಬಂದು ತಟ್ಟುತ್ತದೆ.

ಹೊಟ್ಟೆ ತುಂಬದ ಹಸುವಿನ ಕೂಗು ಅದು. ನಮ್ಮ ಊರಿನ ಕೊಟ್ಟಿಗೆಯಲ್ಲಿ ಎರಡು ಹಸು ಕೂಗಿದರೆ ಅಮ್ಮ ಎದ್ದು ಹುಲ್ಲು ಹಾಕುತ್ತಿದ್ದಳು. ಇಲ್ಲಿ 450 ಇವೆ, ಹಾಕಲು ಹುಲ್ಲೇ ಇರಲಿಲ್ಲ. ನಾಲ್ಕು ದಿಕ್ಕಿಗೂ ಹಸಿರು ಕಾಣುತ್ತಿತ್ತು, ಆದರೂ ಇರಲಿಲ್ಲ. ಅದು ಹೇಗಾಯಿತು, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಲೆಕ್ಕ ಸಮೇತ ಬರೆಯುತ್ತೇನೆ. ಹುಲ್ಲು ನಂಬಿ ಹೈನು ಮಾಡುವವರಿಗೆ ಉಪಯೋಗವಾದೀತು.

ಜಾಗ, ಹಿಂಡು, ಪದ್ಧತಿ

ನಾನು ಅರಸೀಕೆರೆ ಕಡೆಯವನು. ಆರು ವರ್ಷದಿಂದ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕ್ಯಾಂಟರ್‌ಬರಿ ಬಯಲಿನಲ್ಲಿ ಒಂದು ಡೈರಿ ಫಾರ್ಮಿನಲ್ಲಿ ಹಿಂಡು ನೋಡಿಕೊಳ್ಳುತ್ತಿದ್ದೇನೆ. ಒಟ್ಟು 150 ಹೆಕ್ಟೇರ್. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 370 ಎಕರೆ. ಅದನ್ನು 24 ತಾಕುಗಳಾಗಿ ಬೇಲಿ ಹಾಕಿ ವಿಂಗಡಿಸಿದ್ದಾರೆ. ಹುಲ್ಲು ಬಹುಪಾಲು ರೈಗ್ರಾಸ್, ಜೊತೆಗೆ ಬಿಳಿ ಕ್ಲೋವರ್. ಕೊಟ್ಟಿಗೆ ಅನ್ನುವುದೇ ಇಲ್ಲ. ಹಸುಗಳು ವರ್ಷವಿಡೀ ಬಯಲಲ್ಲೇ ಇರುತ್ತವೆ, ಹಾಲು ಕೊಡುವ ಕಾಲದಲ್ಲಿ ದಿನಕ್ಕೆ ಎರಡು ಸಲ ಕರೆಯುವ ಶೆಡ್ಡಿಗೆ ಬಂದು ಹೋಗುತ್ತವೆ.

ಇಲ್ಲಿ ಋತು ಉಲ್ಟಾ. ಜೂನ್, ಜುಲೈ ಚಳಿಗಾಲ, ಸೆಪ್ಟೆಂಬರ್ ವಸಂತ. ಆಗಸ್ಟ್ 1ರಿಂದ ಕರು ಹಾಕಲು ಶುರುವಾಗುತ್ತದೆ, ಆರೇಳು ವಾರದಲ್ಲಿ ಹೆಚ್ಚುಕಮ್ಮಿ ಇಡೀ ಹಿಂಡು ಹಾಲಿಗೆ ಬರುತ್ತದೆ. ಹುಲ್ಲು ಜೋರಾಗಿ ಬೆಳೆಯುವ ಕಾಲಕ್ಕೂ ಹಾಲು ಜಾಸ್ತಿ ಬರುವ ಕಾಲಕ್ಕೂ ಜೋಡಿ ಹೊಂದಿಸುವುದೇ ಈ ಪದ್ಧತಿಯ ಜೀವ. ಆದರೆ ಮೊದಲು ಕರು ಬರುತ್ತದೆ, ಆಮೇಲೆ ಹುಲ್ಲು ಬರುತ್ತದೆ. ನಡುವಿನ ಏಳೆಂಟು ವಾರ ಪ್ರತಿ ವರ್ಷವೂ ಹಗ್ಗದ ಮೇಲಿನ ನಡಿಗೆ.

ಹಸುಗಳನ್ನು ಒಂದು ತಾಕಿಗೆ ಬಿಡುತ್ತೇವೆ. ನಡುವೆ ಕರೆಂಟ್ ತಂತಿ ಎಳೆದು ಅರ್ಧ ಭಾಗ ಬೆಳಗಿನ ಹಾಲಿನ ನಂತರ, ಇನ್ನರ್ಧ ಸಂಜೆಯ ಹಾಲಿನ ನಂತರ ಕೊಡುತ್ತೇವೆ. ಮಾರನೇ ದಿನ ಮುಂದಿನ ತಾಕು. ಮೇದ ತಾಕಿಗೆ ಮೂರು, ನಾಲ್ಕು ವಾರ ಯಾರೂ ಕಾಲಿಡುವಂತಿಲ್ಲ. ಈ ಬಿಡುವು ಮುಗಿದು ಅದೇ ತಾಕಿಗೆ ವಾಪಸ್ ಬಂದರೆ ಒಂದು ಸುತ್ತು.

ಹುಲ್ಲು ಅಳೆಯಲು ಪ್ಲೇಟ್ ಮೀಟರ್ ಅನ್ನುವ ಕೋಲಿದೆ. ತುದಿಯಲ್ಲಿ ಒಂದು ತಟ್ಟೆ. ಹುಲ್ಲಿನ ಮೇಲೆ ಊರಿದರೆ ತಟ್ಟೆ ಎಷ್ಟು ಮೇಲೆ ನಿಲ್ಲುತ್ತದೋ ಅದನ್ನು ಎಣಿಸುತ್ತದೆ. ಒಂದು ಎಣಿಕೆ ಅಂದರೆ ಅರ್ಧ ಸೆಂಟಿಮೀಟರ್. ಎಣಿಕೆಯನ್ನು 140ರಿಂದ ಗುಣಿಸಿ 500 ಕೂಡಿಸಿದರೆ ಹೆಕ್ಟೇರಿಗೆ ಎಷ್ಟು ಕೆಜಿ ಒಣ ತೂಕದ (ನೀರಿನಂಶ ಬಿಟ್ಟು ಲೆಕ್ಕ ಹಾಕಿದ) ಹುಲ್ಲಿದೆ ಅಂತ ಗೊತ್ತಾಗುತ್ತದೆ. ಹಸು ಮೇದು ಹೋದ ಮೇಲೆ 7 ಎಣಿಕೆ, ಅಂದರೆ 1,480 ಕೆಜಿ ಉಳಿದಿರಬೇಕು. ಮೇಯುವ ಮೊದಲು 17ರ ಹತ್ತಿರ, ಅಂದರೆ 2,900 ಕೆಜಿ ಇರಬೇಕು. ಹಸು ಬಿಟ್ಟು ಹೋದ ಆ ಗಿಡ್ಡ ಹುಲ್ಲನ್ನು ನಾನು ಕೂಳೆ ಅಂತಲೇ ಕರೆಯುತ್ತೇನೆ. ಕಬ್ಬಿನ ಕೂಳೆ ಇದ್ದ ಹಾಗೆ, ಮುಂದಿನ ಬೆಳೆ ಬರುವುದು ಅದರಿಂದಲೇ.

ತಪ್ಪು ಎಲ್ಲಿ ಶುರುವಾಯಿತು

ಮೊದಲ ಸುತ್ತು ಸೆಪ್ಟೆಂಬರ್ 25ಕ್ಕೆ ಮುಗಿಯಬೇಕು ಅಂತ ಯೋಜನೆ ಇತ್ತು. ಮುಗಿದದ್ದು 10ಕ್ಕೆ. ಹದಿನೈದು ದಿನ ಮುಂಚೆ.

ಕಾರಣ ಸುಲಭವಾಗಿತ್ತು, ಅದಕ್ಕೇ ಕಾಣಲಿಲ್ಲ. ಆ ವರ್ಷ ದಕ್ಷಿಣದ ತಣ್ಣನೆ ಗಾಳಿ ಬಿಡಲೇ ಇಲ್ಲ. ಮಣ್ಣಿನ ಬಿಸಿ 7 ಡಿಗ್ರಿ ದಾಟಲಿಲ್ಲ. ಹುಲ್ಲು ನಿಧಾನವಾಗಿ ಬೆಳೆಯಿತು. ಕರು ಹಾಕಿದ ಹಸುಗಳು ದಿನ ದಿನಕ್ಕೂ ಜಾಸ್ತಿಯಾದವು. ಸಂಜೆ ಹೋಗಿ ನೋಡಿದರೆ ಕೂಳೆ ತೀರಾ ಗಿಡ್ಡ. ಅಯ್ಯೋ ಪಾಪ, ಸಾಲುತ್ತಿಲ್ಲ ಅಂತ ತಂತಿಯನ್ನು ಹತ್ತು ಹೆಜ್ಜೆ ಮುಂದೆ ಇಟ್ಟೆ. ಮಾರನೇ ದಿನ ಇನ್ನು ಹತ್ತು ಹೆಜ್ಜೆ. ಮಾಲೀಕರೂ ಬೇಡ ಅನ್ನಲಿಲ್ಲ. ಹಸಿದ ಹಸುವಿಗೆ ಇನ್ನೊಂದಿಷ್ಟು ಜಾಗ ಕೊಡುವುದು ತಪ್ಪು ಅಂತ ಯಾರಿಗೆ ಅನಿಸುತ್ತದೆ?

ಹೀಗೆ ದಿನಕ್ಕೆ ಐದೂವರೆ ಹೆಕ್ಟೇರ್ ಮೇಯಬೇಕಿದ್ದ ಹಿಂಡು ಎಂಟಕ್ಕೂ ಮೇಲೆ ಮೇಯತೊಡಗಿತು. 150 ಹೆಕ್ಟೇರಿಗೆ 27 ದಿನದ ಸುತ್ತು ಆಗಬೇಕಿತ್ತು, 18 ದಿನದ ಸುತ್ತಾಯಿತು. ಎರಡನೇ ಸುತ್ತಿನಲ್ಲಿ ನಾವು ಕೊಡುತ್ತಿದ್ದ ತಾಕುಗಳು ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಅಲ್ಲಿ ಹುಲ್ಲು ಕಡಿಮೆ ಇದ್ದದ್ದರಿಂದ ಇನ್ನೂ ಜಾಸ್ತಿ ಜಾಗ ಕೊಟ್ಟೆವು. ಆಗ ಮುಂದಿನ ತಾಕಿಗೆ ಬಿಡುವು ಇನ್ನೂ ಕಡಿಮೆಯಾಯಿತು.

ಈ ಉರುಳಿಗೆ ಒಂದು ಹೆಸರಿದೆ. ಆಂದ್ರೆ ವಾಜಾಂ ಅನ್ನುವ ಫ್ರೆಂಚ್ ರೈತ ನಾರ್ಮಂಡಿಯ ದಿಯೆಪ್ ಊರಿನ ಹತ್ತಿರ ಹಸು ಸಾಕುತ್ತಿದ್ದ. ಜೀವರಸಾಯನ ಓದಿದ್ದವನು. ತನ್ನ ಹೊಲದ ಬೇಲಿ ಪಕ್ಕ ನಿಂತು ಹಸು ಹೇಗೆ ಮೇಯುತ್ತದೆ ಅಂತ ವರ್ಷಗಟ್ಟಲೆ ನೋಡಿ 1957ರಲ್ಲಿ ಪುಸ್ತಕ ಬರೆದ. ಹುಲ್ಲಿನ ಬೆಳವಣಿಗೆ ಕುಗ್ಗಿದಾಗ ರೈತ ತಾಕುಗಳನ್ನು ಬೇಗ ಬೇಗ ತಿರುಗಿಸುತ್ತಾನೆ, ಸರಿಯಾಗಿ ಆಗಲೇ ನಿಧಾನ ಮಾಡಬೇಕಿತ್ತು ಅಂತ ಅವನು ತೋರಿಸಿದ. ಅವನು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಹೊತ್ತು ತಪ್ಪಿದ ಅವಸರ. ಅವನ ಲೆಕ್ಕದಲ್ಲಿ ಮೇ, ಜೂನ್ ತಿಂಗಳಲ್ಲಿ 18 ದಿನದ ಬಿಡುವು ಸಾಕಾಗುವ ಹುಲ್ಲಿಗೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ 36 ದಿನ ಬೇಕು. ಅದು ಯುರೋಪಿನ ಋತು. ನಮಗೆ ತಿಂಗಳು ಬೇರೆ, ಮಾತು ಒಂದೇ.

ನಮ್ಮವರಿಗೂ ಇದು ಗೊತ್ತಿಲ್ಲದ್ದಲ್ಲ. ಅಮೃತಮಹಲ್ ದನಗಳಿಗೆ ಅಂತ ಮೈಸೂರು ಸೀಮೆಯಲ್ಲಿ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು ಬಿಟ್ಟಿದ್ದರಲ್ಲ, ಅವುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ಒಂದರಲ್ಲಿ ದನ ಇದ್ದಾಗ ಇನ್ನೊಂದರ ಹುಲ್ಲಿಗೆ ಬಿಡುವು. ನಮ್ಮ ತಾಲ್ಲೂಕಿನಲ್ಲೂ ಕಾವಲುಗಳಿವೆ. ಚಿಕ್ಕಂದಿನಲ್ಲಿ ಅವುಗಳ ಅಂಚಿನಲ್ಲಿ ಓಡಾಡಿದವನು ನಾನು. ಆದರೂ ಅವತ್ತು ತಂತಿ ಹಿಡಿದಾಗ ಅದು ನೆನಪಿಗೆ ಬರಲಿಲ್ಲ.

ಬೇಲಿ ಪಕ್ಕ ಕೂತು ನೋಡಿದ್ದು

18ರ ಬೆಳಗ್ಗೆ ಹಾಲು ಮುಗಿಸಿ ಹಸುಗಳನ್ನು ಬಿಟ್ಟ ಮೇಲೆ ನಾನು ಮನೆಗೆ ಹೋಗಲಿಲ್ಲ. ಬೇಲಿ ಪಕ್ಕ ಕುಕ್ಕರುಗಾಲಲ್ಲಿ ಕೂತೆ. 217ನೇ ನಂಬರಿನ ಹಸು ಹತ್ತಿರ ಬಂತು. ಹಳೆಯ ಹಸು, ಏಳನೇ ಸೂಲು, ಮನುಷ್ಯರಿಗೆ ಹೆದರುವುದಿಲ್ಲ.

ಹಸುವಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ, ಗಟ್ಟಿ ಒಸಡು ಮಾತ್ರ. ಹುಲ್ಲು ಉದ್ದ ಇದ್ದರೆ ನಾಲಿಗೆ ಚಾಚಿ ಒಂದು ಹಿಡಿಯಷ್ಟನ್ನು ಸುತ್ತಿ ಒಳಗೆ ಎಳೆದು, ಕೆಳಗಿನ ಹಲ್ಲಿಗೂ ಒಸಡಿಗೂ ನಡುವೆ ಒತ್ತಿ, ತಲೆ ಎತ್ತಿ ಕಿತ್ತುಕೊಳ್ಳುತ್ತದೆ. ಆ ಪರ್ ಪರ್ ಅನ್ನುವ ಸದ್ದು ಕೇಳಿದವರಿಗೆ ಗೊತ್ತು. 217 ಅವತ್ತು ನಾಲಿಗೆಯನ್ನೇ ಹೊರಗೆ ಹಾಕಲಿಲ್ಲ. ಸುತ್ತಿಕೊಳ್ಳಲು ಉದ್ದ ಇರಲಿಲ್ಲ. ಮೂತಿಯನ್ನು ನೆಲಕ್ಕೆ ಒತ್ತಿ ತುಟಿಯಿಂದ ಕೂಡಿಸಿ ಚಿವುಟುತ್ತಿತ್ತು. ಮೂಗಿನ ಮೇಲೆ ಮಣ್ಣು ಮೆತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ 65 ಸಲ ಬಾಯಿ ಹಾಕುತ್ತಿತ್ತು. ಹುಲ್ಲು ಚೆನ್ನಾಗಿದ್ದಾಗ ಅದೇ ಹಸು 55ರ ಹತ್ತಿರ ಇರುತ್ತದೆ.

ಜಾಸ್ತಿ ಬಾಯಿ ಹಾಕುತ್ತಿದೆ ಅಂದರೆ ಜಾಸ್ತಿ ತಿನ್ನುತ್ತಿದೆ ಅಂತಲ್ಲ. ಲೆಕ್ಕ ಹೀಗೆ. ಒಳ್ಳೆಯ ಹುಲ್ಲಿನಲ್ಲಿ ಹಸು ದಿನಕ್ಕೆ ಎಂಟು ಗಂಟೆ ಮೇಯುತ್ತದೆ. ನಿಮಿಷಕ್ಕೆ 55ರಂತೆ ಸುಮಾರು 26,000 ಬಾಯಿ. ಅದರಲ್ಲಿ 17 ಕೆಜಿ ಒಣ ತೂಕ ಹೊಟ್ಟೆ ಸೇರುತ್ತದೆ. ಬಾಯಿಗೆ ಮುಕ್ಕಾಲು ಗ್ರಾಮಿಗಿಂತ ತುಸು ಕಡಿಮೆ. ಈಗ ಹತ್ತು ಗಂಟೆ ಮೇದರೂ, 39,000 ಸಲ ಬಾಯಿ ಹಾಕಿದರೂ, ಸಿಗುತ್ತಿದ್ದದ್ದು 12 ಕೆಜಿ. ಬಾಯಿಗೆ ಕಾಲು ಗ್ರಾಮಿಗಿಂತ ತುಸು ಮೇಲೆ. ಹಸುವಿನ ಕೈಲಾದದ್ದು ಅಷ್ಟೇ. ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕಲೇಬೇಕು, ಹಾಲಿಗೆ ಹೋಗಿ ಬರಲು ಮೂರು ನಾಲ್ಕು ಗಂಟೆ ಬೇಕು. ಉಳಿದ ಹೊತ್ತಿನ ಬಹುಪಾಲು ಮೇದಾಯಿತು. ಇನ್ನು ಹೊತ್ತು ಎಲ್ಲಿಂದ ತರುತ್ತದೆ?

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೊಸ ಜಾಗಕ್ಕೆ ಬಿಟ್ಟ ಕೂಡಲೇ ಹಸುಗಳು ಒಂದೇ ಕಡೆ ನಿಂತು ಬುಡದ ತನಕ ತಿನ್ನುವುದಿಲ್ಲ. ಮೊದಲು ಮೇಲಿನ ಎಲೆ, ಆಮೇಲೆ ನಡುವಿನದು, ಕೊನೆಗೆ ಬುಡ. ಪದರ ಪದರವಾಗಿ ಇಳಿಯುತ್ತವೆ. ದಿನಕ್ಕೊಂದು ತಾಕಿನಂತೆ ಬಿಟ್ಟರೆ ಹೆಕ್ಟೇರಿಗೆ 70 ಹಸುವಿಗೂ ಮೇಲೆ ನಿಂತಿರುತ್ತವೆ, ಹಾಗಾಗಿ ಮೊದಲ ಎರಡು ಮೂರು ಗಂಟೆಯ ಪೈಪೋಟಿಯೇ ಮುಖ್ಯ. ಜೋರಿನ ಹಸುಗಳು ಮುಂದೆ ನುಗ್ಗಿ ಮೇಲಿನ ಪದರ ಮುಗಿಸುತ್ತವೆ. ಮೊದಲ ಸೂಲಿನ ಕಡಸುಗಳು ಹಿಂದೆ ಉಳಿಯುತ್ತವೆ. ಹುಲ್ಲು ಸಾಕಷ್ಟಿದ್ದಾಗ ಇದು ಗೊತ್ತಾಗುವುದಿಲ್ಲ. ಅವತ್ತು ಕಡಸುಗಳ ಪಕ್ಕೆಲುಬು ಎಣಿಸಬಹುದಿತ್ತು. ನನಗೆ ಹೊಟ್ಟೆ ಉರಿದದ್ದು ಅದನ್ನು ನೋಡಿ.

ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. ಹಗಲು ತೆಗೆದಿದ್ದ ಫೋಟೋಗಳನ್ನು ತೋರಿಸಿದೆ. ಅವರು ಹಸುವಿಗಿಂತ ಮೊದಲು ಸಗಣಿ ನೋಡಿದರು.

"ಏನೋ ಇದು, ಸಗಣಿ ನೀರು ನೀರಾಗಿದೆ. ಎಳೇ ಹುಲ್ಲು ಒಂದೇ ಹಾಕ್ತಿದ್ದೀಯಾ?"

"ಹೂಂ ಅಪ್ಪ, ಅದೂ ಸಾಲ್ತಿಲ್ಲ."

"ನಾರು ಇಲ್ಲ ಕಣೋ ಅದರಲ್ಲಿ. ಒಂದಿಷ್ಟು ಒಣಹುಲ್ಲು ಸಿಕ್ಕಿದ್ರೆ ಹಾಕು. ನಮ್ಮಲ್ಲಾಗಿದ್ರೆ ರಾಗಿ ಹುಲ್ಲು ಹಾಕ್ತಿದ್ವಿ."

ಎಲೆ ಎಣಿಸಿದಾಗ

19ರಂದು ಮಾಲೀಕರನ್ನೂ ಕರೆದುಕೊಂಡು ಹೊಲ ಸುತ್ತಿದೆ. ಈ ಸಲ ಪ್ಲೇಟ್ ಮೀಟರ್ ಜೊತೆಗೆ ಮಂಡಿಯೂರಿ ಎಲೆಯನ್ನೂ ಎಣಿಸಿದೆವು.

ರೈಗ್ರಾಸ್‌ನ ಒಂದು ತೆಂಡೆಯಲ್ಲಿ, ಅಂದರೆ ಬುಡದಿಂದ ಒಡೆದ ಒಂದು ಕವಲಿನಲ್ಲಿ, ಒಂದು ಹೊತ್ತಿಗೆ ಮೂರೇ ಜೀವಂತ ಎಲೆ ಇರುತ್ತವೆ. ನಾಲ್ಕನೆಯದು ಬಂದರೆ ಮೊದಲನೆಯದು ಒಣಗುತ್ತದೆ. ಮೇದ ಮೇಲೆ ಮೊದಲ ಎಲೆ ಹೊರಡಲು ಬೇಕಾದ ಸಕ್ಕರೆ ಬುಡದ ಆ ನಾಲ್ಕೈದು ಸೆಂಟಿಮೀಟರಿನಲ್ಲಿ ಕೂಡಿಟ್ಟಿರುತ್ತದೆ. ಅದು ಗಿಡದ ಗಂಟು. ಮೊದಲ ಎಲೆ ಬರುವಷ್ಟರಲ್ಲಿ ಗಂಟು ಖಾಲಿ. ಎರಡನೇ ಎಲೆ ಬರುವಾಗ ಮತ್ತೆ ತುಂಬಲು ಶುರು. ಮೂರನೇ ಎಲೆ ಬರುವ ಹೊತ್ತಿಗೆ ತುಂಬಿರುತ್ತದೆ. ತೂಕದಲ್ಲೂ ಹಾಗೇ. ಮೂರು ಎಲೆಗಳಲ್ಲಿ ಮೊದಲನೆಯದು ತೀರಾ ಕಡಿಮೆ, ಮೂರನೆಯದು ಒಂದೇ ಅರ್ಧದ ಹತ್ತಿರ. ಅಂದರೆ ಎರಡೇ ಎಲೆಗೆ ಮೇಯಿಸಿದರೆ ಬೆಳೆಯ ಮುಖ್ಯ ಭಾಗವನ್ನು ಹುಟ್ಟುವ ಮೊದಲೇ ಕಳೆದುಕೊಂಡ ಹಾಗೆ.

ಮುಂದಿನ ವಾರ ಮೇಯಬೇಕಿದ್ದ ಆರು ತಾಕು ನೋಡಿದೆವು. ಒಂದರಲ್ಲಿ ಎರಡು ಎಲೆ. ಉಳಿದ ಐದರಲ್ಲಿ ಒಂದೂವರೆ. ಮೀಟರ್ 11 ತೋರಿಸುತ್ತಿತ್ತು, ಅಂದರೆ 2,040 ಕೆಜಿ. ಮೇದು ಬಿಟ್ಟ ತಾಕುಗಳಲ್ಲಿ 5, ಅಂದರೆ 1,200. ಆ ಚಳಿಯಲ್ಲಿ ಒಂದು ಎಲೆ ಬರಲು ಹನ್ನೆರಡು, ಹದಿಮೂರು ದಿನ ಹಿಡಿಯುತ್ತಿತ್ತು. ಬಿಸಿಲು ಏರಿದ ಮೇಲಾದರೆ ವಾರಕ್ಕೊಂದು ಎಲೆ ಬರುತ್ತದೆ. ನಾವು 18 ದಿನಕ್ಕೆ ವಾಪಸ್ ಬರುತ್ತಿದ್ದೆವು.

ಹಾಲೂ ಅದನ್ನೇ ಹೇಳುತ್ತಿತ್ತು. ಹತ್ತು ದಿನದ ಹಿಂದೆ ಹಸುವಿಗೆ 24 ಲೀಟರ್ ಇದ್ದದ್ದು 21ಕ್ಕೆ ಇಳಿದಿತ್ತು. ಹಾಲಿನ ಪ್ರೋಟೀನ್ ಕೂಡ ಕಡಿಮೆಯಾಗಿತ್ತು. ಹೊಟ್ಟೆಗೆ ಶಕ್ತಿ ಸಾಲದಿದ್ದಾಗ ಆಗುವುದು ಹಾಗೇ.

ಯೂರಿಯಾ ಜಾಸ್ತಿ ಹಾಕೋಣ ಅನ್ನುವ ಮಾತು ಬಂತು. ತಣ್ಣನೆ ಮಣ್ಣಿನಲ್ಲಿ ಅದಕ್ಕೆ ಹುಲ್ಲು ಬೇಗ ಓಗೊಡುವುದಿಲ್ಲ. ಮೇಲಾಗಿ 2021ರಿಂದ ಇಲ್ಲಿ ಹುಲ್ಲುಗಾವಲಿಗೆ ವರ್ಷಕ್ಕೆ ಹೆಕ್ಟೇರಿಗೆ 190 ಕೆಜಿಗಿಂತ ಜಾಸ್ತಿ ರಾಸಾಯನಿಕ ಸಾರಜನಕ ಹಾಕುವಂತಿಲ್ಲ. ಬಯಲಿನ ಕೆಳಗಿನ ನೀರಿಗೆ ನೈಟ್ರೇಟ್ ಇಳಿಯುತ್ತಿದೆ, ಹಸುವಿನ ಗಂಜಲವೇ ಅದಕ್ಕೆ ದೊಡ್ಡ ಮೂಲ. ಈ ಮಿತಿ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಚೀಲ ಸುರಿದು ತಪ್ಪು ಮುಚ್ಚುವ ದಾರಿ ಇದ್ದಿದ್ದರೆ ನಾವು ಎಲೆ ಎಣಿಸುತ್ತಲೇ ಇರಲಿಲ್ಲ.

ಬಾಕಿ ತೀರಿಸಿದ್ದು

ಲೆಕ್ಕ ಹಾಕಿದೆವು. 450 ಹಸು, ತಲಾ 17 ಕೆಜಿ. ದಿನಕ್ಕೆ 7,650 ಕೆಜಿ ಬೇಕು. ಹುಲ್ಲು ಬೆಳೆಯುತ್ತಿದ್ದದ್ದು ಹೆಕ್ಟೇರಿಗೆ ದಿನಕ್ಕೆ 36 ಕೆಜಿ, 150 ಹೆಕ್ಟೇರಿಗೆ 5,400. ಕೊರತೆ 2,250. ಅಂದರೆ ಹಸುವಿಗೆ 5 ಕೆಜಿ ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಕೂಡಿಟ್ಟ ಹಸಿ ಮೇವು) ಹಾಕಿದರೆ ಸರಿಹೋಗಬೇಕು.

ಮಾಲೀಕರು ಅಷ್ಟೇ ಹಾಕೋಣ ಅಂದರು. ನಾನು ಸಾಲದು ಅಂದೆ. ಈ ಪ್ರಕರಣದಲ್ಲಿ ನಾನು ಗಟ್ಟಿಯಾಗಿ ನಿಂತದ್ದು ಇದೊಂದೇ ಕಡೆ. ಐದು ಕೆಜಿ ಹಾಕಿದರೆ ದಿನದ ಕೊರತೆ ಮಾತ್ರ ತುಂಬುತ್ತದೆ. ನಾವು ಹುಲ್ಲಿನಿಂದ ಆಗಲೇ ಕಿತ್ತುಕೊಂಡ ಬಿಡುವು ವಾಪಸ್ ಬರುವುದಿಲ್ಲ. ಒಂದೂವರೆ ಎಲೆಯ ಹುಲ್ಲು ಒಂದೂವರೆಯಲ್ಲೇ ಉಳಿಯುತ್ತದೆ. ದಿನಕ್ಕೆ ಮೇಯುವ ಜಾಗವನ್ನೇ ಕಡಿಮೆ ಮಾಡಬೇಕು. ಹುಲ್ಲು ತೆಳ್ಳಗಿರುವಾಗ ಜಾಗ ಕಡಿಮೆ ಮಾಡಿದರೆ ಹಸುವಿಗೆ ಸಿಗುವ ಹುಲ್ಲು ಇನ್ನೂ ಕಡಿಮೆಯಾಗುತ್ತದೆ. ಆ ವ್ಯತ್ಯಾಸವನ್ನೂ ಸೈಲೇಜ್ ತುಂಬಬೇಕು. ದಿನಕ್ಕೆ 6 ಹೆಕ್ಟೇರ್, 2,100ರಿಂದ 1,450ಕ್ಕೆ ಇಳಿಸಿದರೆ ಸಿಗುವುದು 3,900 ಕೆಜಿ. ಹಸುವಿಗೆ 9 ಕೆಜಿಯೂ ಇಲ್ಲ. ಉಳಿದ 8 ಕೆಜಿ ಹೊರಗಿನಿಂದಲೇ ಬರಬೇಕು.

ಅರ್ಧ ಗಂಟೆ ಸುಮ್ಮನಿದ್ದು ಆಮೇಲೆ ಒಪ್ಪಿದರು. ದುಡ್ಡು ಅವರದು, ಅಷ್ಟು ಯೋಚನೆ ಮಾಡದೆ ಇರುತ್ತಾರಾ?

20ರಿಂದ ಹತ್ತು ದಿನ ಹಸುವಿಗೆ 8 ಕೆಜಿ ಸೈಲೇಜ್ ಹಾಕಿದೆವು. ಮನೆಯದು ಆರು ದಿನಕ್ಕೆ ಮುಗಿಯಿತು, ಉಳಿದದ್ದನ್ನು ಕೊಂಡೆವು. ಜೊತೆಗೆ ಪಕ್ಕದ ಫಾರ್ಮಿನಿಂದ ಬಾರ್ಲಿ ಒಣಹುಲ್ಲು ತಂದು ಸ್ವಲ್ಪ ಸ್ವಲ್ಪ ಬೇಲಿಯುದ್ದಕ್ಕೂ ಹರಡಿದೆ. ಮೂರನೇ ದಿನಕ್ಕೆ ಸಗಣಿ ಗಟ್ಟಿಯಾಯಿತು. ಅಪ್ಪನಿಗೆ ಫೋಟೋ ಕಳಿಸಿದೆ. 60 ಕಡಸುಗಳನ್ನು ಬೇರೆ ಹಿಂಡು ಮಾಡಿ ದಿನಕ್ಕೆ ಒಂದೇ ಸಲ ಕರೆದೆವು. ಹಾಲು ಸ್ವಲ್ಪ ಹೋಯಿತು, ಆದರೆ ಮೈ ತುಂಬಿಕೊಂಡವು. ಅವುಗಳಿಗೆ ದೊಡ್ಡ ಹಸುಗಳ ಪೈಪೋಟಿಯೂ ತಪ್ಪಿತು.

ತಂತಿಯ ವಿಷಯದಲ್ಲಿ ಒಂದು ನಿಯಮ ಮಾಡಿಕೊಂಡೆವು. ಬೆಳಗ್ಗೆ ಗೂಟ ಊರಿದ ಜಾಗವನ್ನು ಸಂಜೆ ಹಸು ಎಷ್ಟೇ ಕೂಗಿದರೂ ಮುಂದೆ ಹಾಕುವಂತಿಲ್ಲ. ಕೂಗಿದರೆ ಸೈಲೇಜ್ ಹಾಕಬೇಕು, ಜಾಗ ಕೊಡಬಾರದು. ಮೊದಲ ಎರಡು ಸಂಜೆ ಇದು ಕಷ್ಟವಾಯಿತು. 217 ತಂತಿಯ ಆಚೆ ನಿಂತು ನನ್ನನ್ನೇ ನೋಡುತ್ತಿತ್ತು. ಹೊಸ ಭಾಗದಲ್ಲಿ ದೊಡ್ಡದನ್ನು ಸಂಜೆಗೆ ಇಟ್ಟೆವು. ಹಗಲೆಲ್ಲ ಬಿಸಿಲು ಹೀರಿದ ಎಲೆಯಲ್ಲಿ ಸಂಜೆಗೆ ಸಕ್ಕರೆ ಜಾಸ್ತಿ ಇರುತ್ತದೆ, ಹಸುವಿನ ದೊಡ್ಡ ಊಟವೂ ಆಗಲೇ. ಬೆಳಗ್ಗೆ ಅರ್ಧ, ಸಂಜೆ ಅರ್ಧ ಅನ್ನುವ ಬದಲು ಬೆಳಗ್ಗೆ ಮೂರನೇ ಒಂದು, ಸಂಜೆ ಮೂರನೇ ಎರಡು.

ಸೆಪ್ಟೆಂಬರ್ 29ಕ್ಕೆ ಗಾಳಿ ತಿರುಗಿತು. ವಾಯುವ್ಯದಿಂದ ಬಿಸಿ ಗಾಳಿ ಬಂದು ಮಣ್ಣು 10 ಡಿಗ್ರಿ ಮುಟ್ಟಿತು. ಇದು ನಮ್ಮ ಜಾಣತನ ಅಲ್ಲ. ಆದರೆ ಗಾಳಿ ತಿರುಗಿದಾಗ ಓಗೊಡಲು ಹುಲ್ಲಿನಲ್ಲಿ ಎರಡೂವರೆ ಎಲೆ ಇತ್ತು, ಅದು ಆ ಹತ್ತು ದಿನದ್ದು. ಅಕ್ಟೋಬರ್ ಮೊದಲ ವಾರ ಸೈಲೇಜ್ 5 ಕೆಜಿಗೆ ಇಳಿಸಿದೆವು. ಹಾಲು 24ಕ್ಕೆ ಮರಳಿತು. ಅಕ್ಟೋಬರ್ 12ರಂದು ಸೈಲೇಜ್ ನಿಲ್ಲಿಸಿದ ದಿನ ಮೀಟರ್ 16 ತೋರಿಸಿತು. ಮೂರನೇ ಎಲೆ ಪೂರ್ತಿ ಬಿಚ್ಚಿತ್ತು. ಸುತ್ತು 25 ದಿನಕ್ಕೆ ನಿಂತಿತ್ತು.

ನಷ್ಟ ಆಗಲಿಲ್ಲ ಅಂತಲ್ಲ. ಕೊಂಡ ಸೈಲೇಜಿನ ಖರ್ಚು ಆ ತಿಂಗಳ ಹಾಲಿನ ಲಾಭವನ್ನು ತಿಂದಿತು. ಅದಕ್ಕಿಂತ ನನ್ನನ್ನು ಕಾಡುವುದು 9 ಮತ್ತು 14ನೇ ತಾಕು. ಎರಡು ಸಲ ಒಂದೂವರೆ ಎಲೆಗೆ ಮೇಯಿಸಿದ್ದು ಅವೆರಡನ್ನೇ. ಅಲ್ಲಿ ಮಣ್ಣು ಕಾಣುತ್ತದೆ. ತೆಂಡೆಗಳ ನಡುವೆ ಅಗಲ ಎಲೆಯ ಕಳೆ ಎದ್ದಿದೆ.

ಇಲ್ಲಿಗೆ ಹತ್ತಿರದಲ್ಲೇ ಲಿಂಕನ್ ವಿಶ್ವವಿದ್ಯಾಲಯದ ಡೈರಿ ಫಾರ್ಮ್ ಇದೆ. 160 ಹೆಕ್ಟೇರಿನದು. ಅಲ್ಲಿ 2014ರ ಸುಮಾರಿಗೆ ಹೆಕ್ಟೇರಿಗೆ ಸುಮಾರು 4 ಇದ್ದ ಹಸುವನ್ನು ಮೂರೂವರೆಗೆ ಇಳಿಸಿ, ಸಾರಜನಕವನ್ನೂ ಕಡಿಮೆ ಮಾಡಿ, ಹುಲ್ಲನ್ನು ಇನ್ನೂ ಬಿಗಿಯಾಗಿ ನೋಡಿಕೊಳ್ಳುವ ದಾರಿ ಹಿಡಿದರು. ಮಾಲೀಕರ ಜೊತೆ ಅದನ್ನೂ ಮಾತಾಡಿದೆ. ಮುಂದಿನ ವರ್ಷಕ್ಕೆ 30 ಹಸು ಕಡಿಮೆ ಮಾಡಲು ಒಪ್ಪಿದ್ದಾರೆ. ಆಗ ವಸಂತದ ಕೊರತೆಯೇ ದಿನಕ್ಕೆ ಐನೂರು ಕೆಜಿ ಕಡಿಮೆಯಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಈಗ ಮೀಟರಿನ ಸಾಲಿನ ಪಕ್ಕ ಇನ್ನೊಂದು ಸಾಲು ಎಳೆದಿದ್ದೇನೆ, ಎಲೆ ಅಂತ ತಲೆಬರಹ. 9 ಮತ್ತು 14ಕ್ಕೆ ಮಾರ್ಚ್‌ನಲ್ಲಿ ಬೀಜ ಹಾಕಬೇಕು. ಅಲ್ಲಿಯವರೆಗೆ ಅವೆರಡನ್ನು ಬೇರೆ ತಾಕುಗಳಿಗಿಂತ ನಾಲ್ಕು ದಿನ ತಡವಾಗಿ ಮೇಯಿಸುತ್ತಿದ್ದೇನೆ.